ಖಾಲಿ ಡಬ್ಬ, ಬಾಟ್ಲಿ, ಕ್ಯಾನು: ಮನೆ, ಹಿತ್ತಲು, ಕೊಟ್ಟಿಗೆಯಲ್ಲಿ ಮತ್ತೆ ಬಳಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ ಸೀಮೆಯ ಯಾವ ಮನೆಯ ಅಟ್ಟ ನೋಡಿದರೂ ಖಾಲಿ ಡಬ್ಬಗಳ ದೊಡ್ಡ ಸಂಸಾರವೇ ಇರುತ್ತದೆ. ಎಣ್ಣೆ ಕ್ಯಾನು, ತುಪ್ಪದ ಡಬ್ಬ, ಐಸ್‌ಕ್ರೀಂ ಡಬ್ಬಿ, ಪೇಂಟ್ ಬಕೆಟ್ಟು, ಮದುವೆ ಮನೆಯಿಂದ ಬಂದ ನೀರಿನ ಬಾಟ್ಲಿ. ಮೈಸೂರಿನ ಬಾಡಿಗೆ ಮನೆಯಲ್ಲಾದರೆ ಅಟ್ಟದ ಬದಲು ಮಂಚದ ಕೆಳಗೆ. ಇವುಗಳಿಂದ ಏನೇನು ಮಾಡಬಹುದು ಎಂದು ಕೇಳುವವರು ಬಹಳ. ಏನು ಮಾಡಬಾರದು ಎಂದು ಕೇಳುವವರು ಕಡಿಮೆ. ಇಲ್ಲಿ ಎರಡಕ್ಕೂ ಉತ್ತರವಿದೆ.

ಖಾಲಿ ಡಬ್ಬ ಕೈಗೆ ಬಂದ ಕೂಡಲೇ ಮೊದಲು ಏನು ನೋಡಬೇಕು?

ಅದರೊಳಗೆ ಮೊದಲು ಏನಿತ್ತು ಅನ್ನುವುದನ್ನು. ಡಬ್ಬ ಎಷ್ಟು ಗಟ್ಟಿ, ಎಷ್ಟು ಚೆಂದ, ಮುಚ್ಚಳ ಎಷ್ಟು ಬಿಗಿ ಅನ್ನುವುದೆಲ್ಲ ಆಮೇಲೆ.

ಮನೆಯಲ್ಲಿ ಮೂರು ಗುಂಪು ಮಾಡಿಕೊಳ್ಳಿ. ತಿನ್ನುವ ಪದಾರ್ಥ ಇದ್ದದ್ದು ಒಂದು. ಸೋಪಿನ ನೀರು, ಶಾಂಪೂ, ಫಿನಾಯಿಲ್, ಪೇಂಟ್ ಇದ್ದದ್ದು ಇನ್ನೊಂದು. ಬೆಳೆಗೆ ಹೊಡೆಯುವ ಔಷಧಿ, ಕಳೆನಾಶಕ, ಇಲಿ ಪಾಷಾಣ ಇದ್ದದ್ದು ಮೂರನೆಯದು. ಮೊದಲ ಗುಂಪಿನ ಡಬ್ಬವನ್ನು ಎರಡನೆಯದರ ಕೆಲಸಕ್ಕೆ ಇಳಿಸಬಹುದು. ಎರಡನೆಯದನ್ನು ಮೊದಲನೆಯದಕ್ಕೆ ಏರಿಸಬಾರದು. ಶಾಂಪೂ ಬಾಟ್ಲಿ ಎಷ್ಟೇ ತೊಳೆದರೂ ಅದರಲ್ಲಿ ಜೇನುತುಪ್ಪ ಇಡುವ ಹಾಗಿಲ್ಲ. ಮೂರನೆಯ ಗುಂಪಿಗೆ ಮನೆಯೊಳಗೆ ಜಾಗವೇ ಇಲ್ಲ. ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಇಷ್ಟರಲ್ಲೇ ಸಿಕ್ಕಿಬಿಡುತ್ತದೆ.

ಡಬ್ಬದ ತಳದಲ್ಲಿ ತ್ರಿಕೋನದೊಳಗೆ ಒಂದು ಸಂಖ್ಯೆ ಇರುತ್ತದಲ್ಲ, ಅದನ್ನು ನೋಡಿ ತೀರ್ಮಾನ ಮಾಡಬಹುದಾ?

ಅರ್ಧ ತೀರ್ಮಾನ ಮಾಡಬಹುದು. ಆ ಗುರುತನ್ನು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ತಂದದ್ದು ಗುಜರಿಯಲ್ಲಿ ವಿಂಗಡಿಸಲು ಸುಲಭವಾಗಲಿ ಎಂದು. ಸುರಕ್ಷಿತವೋ ಅಲ್ಲವೋ ಎಂದು ಹೇಳಲು ಅಲ್ಲ. ಆದರೂ ಯಾವ ಪ್ಲಾಸ್ಟಿಕ್ ಎಂದು ತಿಳಿದರೆ ಅದರ ಸ್ವಭಾವ ತಿಳಿಯುತ್ತದೆ.

1 ಅಂದರೆ ಪೆಟ್. ನೀರು, ಜ್ಯೂಸ್, ಕೂಲ್‌ಡ್ರಿಂಕ್ಸ್ ಬಾಟ್ಲಿಗಳು, ಪಾರದರ್ಶಕ ಎಣ್ಣೆ ಬಾಟ್ಲಿಗಳು ಇದರವು. ಬಿಸಿ ತಡೆಯುವುದಿಲ್ಲ, 70 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ ಸೊಟ್ಟಗಾಗುತ್ತದೆ. 2 ಅಂದರೆ ಎಚ್‌ಡಿಪಿಇ. ಶಾಂಪೂ ಬಾಟ್ಲಿ, ಫಿನಾಯಿಲ್ ಕ್ಯಾನು, ನೀಲಿ ಡ್ರಮ್ಮು ಇವೆಲ್ಲ ಅದೇ. ಒರಟು ಕೆಲಸಕ್ಕೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. 4 ಹಾಲಿನ ಕವರು. 5 ಪಾಲಿಪ್ರೊಪಿಲೀನ್: ಮೊಸರಿನ ಡಬ್ಬಿ, ಪಾರ್ಸಲ್ ಡಬ್ಬಿ, ಬಹುಪಾಲು ಪೇಂಟ್ ಬಕೆಟ್ಟು. ಕುದಿಯುವ ನೀರನ್ನೂ ತಡೆಯುತ್ತದೆ. 3 ಪಿವಿಸಿ ಮತ್ತು 6 ಥರ್ಮಕೋಲ್ ಜಾತಿಯದು, ಇವೆರಡನ್ನೂ ಅಡುಗೆಮನೆಗೆ ತರಬೇಡಿ. 7 ಅಂದರೆ ‘ಇತರೆ’, ಅದರೊಳಗೆ ಏನು ಬೇಕಾದರೂ ಇರಬಹುದು.

ಬೆಳೆಗೆ ಹೊಡೆಯುವ ಔಷಧಿ ಇದ್ದ ಡಬ್ಬದ ತಳದಲ್ಲೂ 2 ಎಂದೇ ಇರಬಹುದು ಅನ್ನುವುದನ್ನು ಮರೆಯಬೇಡಿ.

ಔಷಧಿ ಡಬ್ಬ ದಪ್ಪಗೆ, ಗಟ್ಟಿಯಾಗಿ ಇರುತ್ತೆ. ಸೋಪು ಹಾಕಿ ನಾಲ್ಕು ಸಲ ಉಜ್ಜಿ ಬಿಸಿಲಿಗೆ ಒಣಗಿಸಿದ್ರೆ ಬಳಸಬಹುದಲ್ವಾ?

ಇಲ್ಲ. ಚೊಂಬಿನ ಬದಲು ಕಕ್ಕಸಿಗೂ ಬೇಡ, ಹಸುವಿನ ಮುಸುರೆಗೂ ಬೇಡ, ಹೊಲಕ್ಕೆ ಹೋಗುವಾಗ ನೀರು ಒಯ್ಯಲಿಕ್ಕಂತೂ ಬೇಡವೇ ಬೇಡ.

ಕಾರಣ ಸರಳ. ಔಷಧಿಯನ್ನು ಎಣ್ಣೆಯಂಥ ದ್ರಾವಕದಲ್ಲಿ ಬೆರೆಸಿರುತ್ತಾರೆ. ಅದು ಪ್ಲಾಸ್ಟಿಕ್ಕಿನ ಗೋಡೆಯೊಳಕ್ಕೇ ಇಳಿದಿರುತ್ತದೆ. ನೀವು ಉಜ್ಜುವುದು ಮೇಲಿನ ಪದರವನ್ನು ಮಾತ್ರ. ಒಳಗಿಳಿದದ್ದು ನಿಧಾನವಾಗಿ ಮತ್ತೆ ಹೊರಗೆ ಬರುತ್ತಿರುತ್ತದೆ, ವಾಸನೆ ಬರಲೇಬೇಕೆಂದೂ ಇಲ್ಲ. ಲೇಬಲ್ಲಿನ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಎಂದು ನಾಲ್ಕು ಬಣ್ಣದ ಗುರುತುಗಳಿವೆ. ಕೆಂಪು ಅತಿ ಘೋರ, ಹಸಿರು ಕಡಿಮೆ. ‘ಇದು ಹಸಿರು ಗುರುತಿನದು, ಏನಾಗಲ್ಲ’ ಅನ್ನುವವರು ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ಹಸಿರು ಅಂದರೆ ವಿಷ ಕಡಿಮೆ ಎಂದು ಅರ್ಥ, ವಿಷ ಇಲ್ಲ ಎಂದಲ್ಲ.

ಖಾಲಿಯಾದ ಕೂಡಲೇ ಹೊಲದಲ್ಲೇ ಮಾಡಬೇಕಾದ್ದು ಇಷ್ಟು. ಡಬ್ಬದ ಕಾಲು ಭಾಗ ನೀರು ಹಾಕಿ, ಮುಚ್ಚಿ, ಅರ್ಧ ನಿಮಿಷ ಚೆನ್ನಾಗಿ ಕುಲುಕಿ, ಆ ನೀರನ್ನು ಸ್ಪ್ರೇ ಟ್ಯಾಂಕಿಗೇ ಸುರಿಯಿರಿ. ಹೀಗೆ ಮೂರು ಸಲ. ಔಷಧಿಯೂ ಪೋಲಾಗುವುದಿಲ್ಲ. ಆಮೇಲೆ ತಳಕ್ಕೆ ಮೊಳೆ ಹೊಡೆದು ತೂತು ಮಾಡಿ, ಯಾರೂ ಎತ್ತಿಕೊಂಡು ಹೋಗಿ ಬಳಸದ ಹಾಗೆ. 1971ರ ಕೀಟನಾಶಕ ನಿಯಮಗಳ 44ನೇ ನಿಯಮವೂ ಇದನ್ನೇ ಹೇಳುತ್ತದೆ: ಖಾಲಿ ಡಬ್ಬವನ್ನು ಮತ್ತೆ ಬಳಸುವಂತೆ ಹೊರಗೆ ಬಿಡಬಾರದು, ಒಡೆದು ಜನವಸತಿಯಿಂದ ದೂರ ಹೂಳಬೇಕು. ನಾಲೆ ಏರಿಯ ಮೇಲೆ, ಬಾವಿ ಪಕ್ಕ, ಬೋರ್‌ವೆಲ್ ಬುಡದಲ್ಲಿ ಮಾತ್ರ ಹೂಳಬೇಡಿ. ವಿಶ್ವೇಶ್ವರಯ್ಯ ನಾಲೆಯ ತೂಬುಗಳ ಹತ್ತಿರ ತೇಲುವ ಡಬ್ಬಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಳಗಿನ ಊರಿನವರು ಅದೇ ನೀರಿನಲ್ಲಿ ದನ ಮೈತೊಳೆಯುತ್ತಾರೆ.

ಸೆಕೆಂಡ್ ಹ್ಯಾಂಡ್ ನೀಲಿ ಡ್ರಮ್ಮು ಕುಡಿಯುವ ನೀರಿಗೆ ಆಗುತ್ತಾ?

ಒಳಗೆ ಏನಿತ್ತು ಎಂದು ಮಾರುವವನು ಖಚಿತವಾಗಿ ಹೇಳಿದರೆ, ಮೇಲಿನ ಲೇಬಲ್ಲು ಹರಿಯದೆ ಹಾಗೇ ಇದ್ದರೆ, ಅದು ತಿನ್ನುವ ಪದಾರ್ಥವೇ ಆಗಿದ್ದರೆ ಆಗುತ್ತದೆ. ಈ ಮೂರರಲ್ಲಿ ಒಂದು ತಪ್ಪಿದರೂ ಬೇಡ. ಲೇಬಲ್ ಕಿತ್ತು, ಒಳಗೆ ಸೋಪಿನ ಘಮ ಬರಿಸಿ ಮಾರುವ ಡ್ರಮ್ಮುಗಳು ಬೇಕಾದಷ್ಟಿವೆ. ಕಾರ್ಖಾನೆಯಲ್ಲಿ ಆಸಿಡ್, ಬಣ್ಣ, ದ್ರಾವಕ ತುಂಬಿದ್ದ ಡ್ರಮ್ಮು ಕೂಡ ನೋಡಲು ಹೀಗೇ ಇರುತ್ತದೆ.

ಜೀವಾಮೃತಕ್ಕೆ (ಮನೆಯಲ್ಲೇ ಮಾಡುವ ದ್ರವ ಗೊಬ್ಬರ) ಡ್ರಮ್ಮು ಬೇಕಾದವರೇ ಹೆಚ್ಚು ಕೇಳುತ್ತಾರೆ. 200 ಲೀಟರಿನದು ಅದಕ್ಕೆ ಸರಿಯಾದ ಅಳತೆ. ಎಕರೆಗೆ 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು, ಉಳಿದದ್ದು ನೀರು ಅನ್ನುವುದು ಎಲ್ಲರೂ ಬಳಸುವ ಲೆಕ್ಕ. ಸೂಕ್ಷ್ಮಜೀವಿ ಬೆಳೆಸುವುದೇ ಇದರ ಉದ್ದೇಶ, ಹಾಗಾಗಿ ಔಷಧಿ ಇದ್ದ ಡ್ರಮ್ಮಿನಲ್ಲಿ ಮಾಡಿದರೆ ಮಾಡಿದ್ದೇ ವ್ಯರ್ಥ. ತಿರುಪಿನ ಮುಚ್ಚಳ ಹಾಕಿ ಬಿಗಿ ಮಾಡಬೇಡಿ, ಒಳಗೆ ಗಾಳಿ ತುಂಬುತ್ತದೆ. ಗೋಣಿಚೀಲ ಹೊದಿಸಿ ನೆರಳಿನಲ್ಲಿಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಾಯಿ ತೆರೆದ ಡ್ರಮ್ಮಿನ ಬಳಿ ಅವರು ಹತ್ತಿ ನಿಲ್ಲುವಂಥ ಸ್ಟೂಲು, ಕಲ್ಲು ಏನೂ ಇರಕೂಡದು.

ಪೇಂಟ್ ಬಕೆಟ್ಟಿನಲ್ಲಿ ಸ್ನಾನದ ನೀರು ಹಿಡಿಯುತ್ತೇವೆ. ತಪ್ಪಾ?

ತಪ್ಪೇನಿಲ್ಲ. ಮೈಸೂರು, ಮಂಡ್ಯದ ಅರ್ಧ ಬಚ್ಚಲುಗಳು ಅದರ ಮೇಲೇ ನಡೆಯುತ್ತಿವೆ. ಗೋಡೆಗೆ ಬಳಿಯುವ ಎಮಲ್ಷನ್ ನೀರಿನಲ್ಲಿ ಕರಗುವ ಬಣ್ಣ. ಬಕೆಟ್ಟು ಪೂರ್ತಿ ಒಣಗಲು ಬಿಟ್ಟರೆ ಅಂಟಿದ ಬಣ್ಣ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಹಸಿ ಇರುವಾಗಲೇ ತೊಳೆದು ಚರಂಡಿಗೆ ಬಿಡುವುದಕ್ಕಿಂತ ಇದು ಎಷ್ಟೋ ಮೇಲು. ನೆಲ ಒರೆಸಲು, ಬಟ್ಟೆ ನೆನೆಸಲು, ಗಾರೆ ಹೊರಲು, ಗಿಡ ನೆಡಲು ಎಲ್ಲಕ್ಕೂ ಆಗುತ್ತದೆ. ಕುಡಿಯುವ ನೀರು, ದೋಸೆ ಹಿಟ್ಟು, ದನಕ್ಕೆ ಕಲಗಚ್ಚು ಇವಕ್ಕೆ ಬೇಡ.

ಕಸದಿಂದ ಗೊಬ್ಬರ ಮಾಡಲು 20 ಲೀಟರಿನ ಬಕೆಟ್ಟು ಹೇಳಿ ಮಾಡಿಸಿದ್ದು. ತಳಕ್ಕೆ, ಪಕ್ಕಕ್ಕೆ ಕಾದ ಕಂಬಿಯಿಂದ ತೂತು ಮಾಡುವಾಗ ಹೊಗೆ ಕುಡಿಯಬೇಡಿ, ಬಯಲಲ್ಲಿ ಮಾಡಿ. ಡ್ರಿಲ್ ಇದ್ದರೆ ಇನ್ನೂ ಒಳ್ಳೆಯದು. ಒಂದು ಪದರ ತರಕಾರಿ ಸಿಪ್ಪೆ ಹಾಕಿದರೆ ಅದರ ಮೇಲೆ ಅಷ್ಟೇ ದಪ್ಪ ಒಣ ಎಲೆಯೋ ತೆಂಗಿನ ನಾರಿನ ಪುಡಿಯೋ ಬೀಳಬೇಕು. ವಾಸನೆ ಬಂದರೆ ಒಣದ್ದು ಸಾಲದು ಎಂದು ಅರ್ಥ. ಕೆಳಗೆ ಒಂದು ತಟ್ಟೆ ಇಡಿ, ಮೇಲಿನ ಮನೆಯ ಕಪ್ಪು ನೀರು ಕೆಳಗಿನ ಮನೆಯ ಒಗೆದ ಬಟ್ಟೆಯ ಮೇಲೆ ಬಿದ್ದು ಜಗಳವಾಗುವುದು ತಪ್ಪುತ್ತದೆ.

ಎಣ್ಣೆ ಕ್ಯಾನಿನ ಜಿಡ್ಡು, ಉಪ್ಪಿನಕಾಯಿ ಡಬ್ಬದ ವಾಸನೆ ಹೋಗಿಸುವುದು ಹೇಗೆ?

ಜಿಡ್ಡಿಗೆ ಮೊದಲು ನೀರು ಮುಟ್ಟಿಸಬೇಡಿ. ಎರಡು ಚಮಚ ಕಡಲೆಹಿಟ್ಟೋ ಸೀಗೆಪುಡಿಯೋ ಜರಡಿ ಹಿಡಿದ ಬೂದಿಯೋ ಒಳಗೆ ಹಾಕಿ ಕುಲುಕಿ, ಎಣ್ಣೆ ಹೀರಿಕೊಂಡ ಮೇಲೆ ತಟ್ಟಿ ಉದುರಿಸಿ. ಆಮೇಲೆ ಸೋಪಿನ ನೀರು. ಬಾಯಿ ಕಿರಿದಾದ ಬಾಟ್ಲಿಗೆ ಒಂದು ಹಿಡಿ ನುಚ್ಚಕ್ಕಿ, ಸ್ವಲ್ಪ ಸೋಪಿನ ನೀರು ಹಾಕಿ ಕುಲುಕಿದರೆ ಕೈ ಹೋಗದ ಮೂಲೆಯೂ ಶುದ್ಧ. ಪೆಟ್ ಬಾಟ್ಲಿಗೆ ಕುದಿಯುವ ನೀರು ಸುರಿದರೆ ಅದು ಮುದುಡಿಕೊಂಡು ಕೂರುತ್ತದೆ.

ಉಪ್ಪಿನಕಾಯಿ ವಾಸನೆಗೆ ಬಿಸಿಲು. ಹಿಂಡಿದ ನಿಂಬೆ ಸಿಪ್ಪೆ ಉಜ್ಜಿ, ಮುಚ್ಚಳ ತೆಗೆದು ಎರಡು ಮೂರು ದಿನ ಬಿಸಿಲಲ್ಲಿಟ್ಟರೆ ಬಹುಪಾಲು ಹೋಗುತ್ತದೆ. ಹೋಗದಿದ್ದರೆ ಆ ಡಬ್ಬಕ್ಕೆ ಹುಣಸೆಹಣ್ಣು, ಬೆಳ್ಳುಳ್ಳಿ ತುಂಬಿ. ಸಕ್ಕರೆ ತುಂಬಿ ಕಾಫಿ ಕೆಡಿಸಿಕೊಳ್ಳಬೇಡಿ.

ಅವರೆ, ಹುರುಳಿ, ಅಲಸಂದೆ ಕಾಳು ಬಾಟ್ಲಿಯಲ್ಲಿ ಇಟ್ಟರೆ ಕುಟ್ಟೆ ಹಿಡಿಯಲ್ವಾ?

ಸರಿಯಾಗಿ ಇಟ್ಟರೆ ಹಿಡಿಯುವುದಿಲ್ಲ. ಖಾಲಿ ಬಾಟ್ಲಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದು ಇಲ್ಲ ಎಂದೇ ನನ್ನ ಅಭಿಪ್ರಾಯ.

ಕಾಳಿಗೆ ಹುಳ ಹೊರಗಿನಿಂದಲೇ ಬರಬೇಕೆಂದಿಲ್ಲ. ಎಷ್ಟೋ ಸಲ ಹೊಲದಲ್ಲಿ ಕಾಯಿ ಇರುವಾಗಲೇ ಮೊಟ್ಟೆ ಇಟ್ಟಿರುತ್ತದೆ, ಮನೆಗೆ ಬಂದ ಮೇಲೆ ಅದು ಮರಿಯಾಗುತ್ತದೆ. ಗಾಳಿಯಾಡದ ಬಾಟ್ಲಿಯಲ್ಲಿ ಕಾಳು ಕಂಠಪೂರ್ತಿ ತುಂಬಿದರೆ ಒಳಗೆ ಉಳಿಯುವ ಗಾಳಿ ಬಹಳ ಕಡಿಮೆ. ಹುಳ ಉಸಿರಾಡಿ ಆ ಪ್ರಾಣವಾಯು ಮುಗಿಸುತ್ತದೆ, ಮುಗಿದ ಮೇಲೆ ಬೆಳೆಯುವುದು ನಿಲ್ಲುತ್ತದೆ, ಸಾಯುತ್ತದೆ. ಔಷಧಿ, ಮಾತ್ರೆ ಯಾವುದೂ ಬೇಕಿಲ್ಲ. ಅರ್ಧ ತುಂಬಿದ ಬಾಟ್ಲಿಯಲ್ಲಿ, ದಿನಾ ತೆಗೆದು ಮುಚ್ಚುವ ಡಬ್ಬದಲ್ಲಿ ಇದು ಆಗುವುದಿಲ್ಲ. ಹಾಗಾಗಿ ಒಂದು ದೊಡ್ಡ ಡಬ್ಬಕ್ಕಿಂತ ಹತ್ತು ಚಿಕ್ಕ ಬಾಟ್ಲಿ ಮೇಲು. ಒಂದನ್ನು ಒಡೆದು ಬಳಸುತ್ತಿರುವಾಗ ಉಳಿದ ಒಂಬತ್ತು ಮುಚ್ಚಿದ ಹಾಗೇ ಇರುತ್ತವೆ.

ಕಾಳು ಹಲ್ಲಿಗೆ ಕಟ್ ಎಂದು ಒಡೆಯುವಷ್ಟು ಒಣಗಿರಬೇಕು. ಒಣಗದ ಕಾಳನ್ನು ಬಿಗಿಯಾಗಿ ಮುಚ್ಚಿದರೆ ಹುಳದ ಬದಲು ಬೂಷ್ಟು ಬರುತ್ತದೆ. ಕಣದಿಂದ ಬಿಸಿಬಿಸಿಯಾಗಿ ಎತ್ತಿ ತುಂಬಬೇಡಿ, ತಣ್ಣಗಾದ ಮೇಲೆ ತುಂಬಿ, ಇಲ್ಲದಿದ್ದರೆ ಒಳಗೆ ಬೆವರುತ್ತದೆ. ತುಂಬುವಾಗ ಬಾಟ್ಲಿಯ ತಳವನ್ನು ನೆಲಕ್ಕೆ ಕುಟ್ಟುತ್ತಾ ಹೋದರೆ ಕಾಳು ಇಳಿದು ಇನ್ನಷ್ಟು ಹಿಡಿಸುತ್ತದೆ. ಮುಚ್ಚಿದ ಮೇಲೆ ಒಂದೆರಡು ತಿಂಗಳು ಕೈ ಹಾಕಬೇಡಿ. ಕೆಮ್ಮಣ್ಣು ಕಟ್ಟುವುದು, ಹರಳೆಣ್ಣೆ ಸವರುವುದು ಬಿಡಬೇಕಾಗಿಲ್ಲ, ಅವೂ ಒಳ್ಳೆಯವೇ.

ರಾಗಿಗೆ ಇಷ್ಟೆಲ್ಲ ಬೇಡ. ಹಗೇವಿನಲ್ಲಿ, ಅಂದರೆ ನೆಲದೊಳಗಿನ ಧಾನ್ಯದ ಗುಂಡಿಯಲ್ಲಿ, ವರ್ಷಗಟ್ಟಲೆ ಉಳಿಯುತ್ತಿದ್ದ ಧಾನ್ಯ ಅದು.

ತರಕಾರಿ ಬೀಜಕ್ಕೆ ಚಿಕ್ಕ ಮಾತ್ರೆ ಡಬ್ಬಿಗಳು ಚೆನ್ನ. ಒಳಗೆ ಚಿಟಿಕೆ ಬೂದಿ, ಮೇಲೆ ಬೀಜದ ಹೆಸರು ಮತ್ತು ವರ್ಷ. ಬಣ್ಣ ಹಚ್ಚಿದ, ಉಪಚರಿಸಿದ ಬಿತ್ತನೆ ಬೀಜ ಉಳಿದರೆ ಅದನ್ನು ಕಾಳಿನ ಬಾಟ್ಲಿಗಳ ಸಾಲಿನಲ್ಲಿ ಇಡಲೇಬೇಡಿ. ಕರೆಂಟು ಹೋದ ಹೊತ್ತಿನಲ್ಲಿ ಅದೂ ಸಾರಿಗೆ ಬೀಳುತ್ತದೆ.

ಉಪ್ಪಿನಕಾಯಿ, ತುಪ್ಪ, ಮಜ್ಜಿಗೆ, ಬೆಲ್ಲ?

ಉಪ್ಪಿನಕಾಯಿಗೆ ಭರಣಿ ಅಥವಾ ಗಾಜು. ಉಪ್ಪು, ಹುಳಿ, ಎಣ್ಣೆ ಮೂರೂ ಸೇರಿ ತಿಂಗಳುಗಟ್ಟಲೆ ಪ್ಲಾಸ್ಟಿಕ್ಕಿನಲ್ಲಿ ಕೂರುವುದು ಒಳ್ಳೆಯದಲ್ಲ. ತುಪ್ಪ ತುಪ್ಪದ ಡಬ್ಬಕ್ಕೇ ಹೋಗಲಿ, ಆದರೆ ಕಾಯಿಸಿದ ತುಪ್ಪ ಆರಿದ ಮೇಲೆ. ಮಜ್ಜಿಗೆ ಒಂದು ಹೊತ್ತಿಗೆ ಸರಿ. ಆಲೆಮನೆಯಿಂದ ತಂದ ಅಚ್ಚುಬೆಲ್ಲ, ಬಕೆಟ್ ಬೆಲ್ಲ ಪೂರ್ತಿ ಆರಿದ ಮೇಲೆ ತಿನ್ನುವ ಪದಾರ್ಥ ಇದ್ದ ಡಬ್ಬದಲ್ಲಿ ಇಡಬಹುದು, ಮಳೆಗಾಲದಲ್ಲಿ ನೀರೊಡೆಯುವುದೂ ಕಡಿಮೆ.

ಡೈರಿಗೆ ಹಾಲು ಹಾಕಲು ಹಳೆಯ ಎಣ್ಣೆ ಕ್ಯಾನು ಒಯ್ಯುವವರಿದ್ದಾರೆ. ಬೇಡ. ಪ್ಲಾಸ್ಟಿಕ್ಕಿನ ಗೀರಿನೊಳಗೆ ಹಾಲಿನ ಜಿಡ್ಡು ಉಳಿದು ಮರುದಿನದ ಹಾಲು ಒಡೆಯುತ್ತದೆ. ಸ್ಟೀಲ್ ಕ್ಯಾನಿಗೆ ಕೊಟ್ಟ ದುಡ್ಡು ಹುಟ್ಟುತ್ತದೆ.

ಹೋಟೆಲ್ ಪಾರ್ಸಲ್ ಡಬ್ಬಿಗೆ ಬಿಸಿ ಸಾರು ಹಾಕಬಹುದಾ?

ತಳದಲ್ಲಿ 5 ಇದ್ದರೆ ಕರಗುವುದಿಲ್ಲ. ಆದರೂ ಕುದಿಯುವ ಸಾರು, ಕಾದ ಒಗ್ಗರಣೆ ಸ್ಟೀಲಿಗೇ ಹೋಗಲಿ. ಆ ತೆಳು ಡಬ್ಬಿ ಒಣ ಮೆಣಸಿನಕಾಯಿ, ಬಟನ್, ಸೂಜಿ ದಾರ, ನೆಂಟರ ಮಕ್ಕಳಿಗೆ ಕೊಟ್ಟು ಕಳಿಸುವ ಚಕ್ಕುಲಿಗೆ ಸಾಕು. ಕೊಟ್ಟು ಕಳಿಸಿದರೆ ವಾಪಸ್ ಕೇಳುವ ತಾಪತ್ರಯವಿಲ್ಲ, ಅದೇ ಅದರ ದೊಡ್ಡ ಗುಣ.

ನೀರಿನ ಬಾಟ್ಲಿಗೆ ಮತ್ತೆ ಮತ್ತೆ ನೀರು ತುಂಬಬಹುದಾ? 20 ಲೀಟರ್ ಕ್ಯಾನು?

ಒಂದೆರಡು ವಾರ ಬಳಸುವುದರಲ್ಲಿ ಭಯವಿಲ್ಲ. ತೊಳೆಯದೆ ಬಳಸುವುದರಲ್ಲಿದೆ. ಬಾಯಿಟ್ಟು ಕುಡಿದ ಬಾಟ್ಲಿಯ ಮುಚ್ಚಳದ ತಿರುಪಿನಲ್ಲಿ ಕೊಳೆ ಕೂರುತ್ತದೆ. ಒಳಗೆ ಗೀರು ಬಿದ್ದರೆ, ಮಂಕಾದರೆ ಹಿತ್ತಲಿಗೆ ದಾಟಿಸಿ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಸಿಲಿಗೆ ಕಾದ ಬಾಟ್ಲಿ ನೀರನ್ನು ಗಿಡಕ್ಕೆ ಹಾಕಿ.

20 ಲೀಟರಿನ ಗಟ್ಟಿ ಕ್ಯಾನುಗಳಲ್ಲಿ ಅನೇಕವು ಪಾಲಿಕಾರ್ಬೊನೇಟಿನವು. ಹಳತಾಗಿ ಗೀರು ಬಿದ್ದಂತೆಲ್ಲ, ಬಿಸಿಯಾದಂತೆಲ್ಲ ಬಿಸ್ಫಿನಾಲ್ ಎ ಎಂಬ ರಾಸಾಯನಿಕ ನೀರಿಗೆ ಸೇರುವುದು ಹೆಚ್ಚುತ್ತದೆ. ಬಿಸಿಲು ಬೀಳುವ ಕಡೆ ಇಟ್ಟರೆ ಪಾಚಿಯೂ ಕಟ್ಟುತ್ತದೆ. ಹಳೆಯ ಕ್ಯಾನು ಕೊಟ್ಟಿಗೆ ತೊಳೆಯುವ ನೀರಿಗೆ.

ಸೀಮೆಎಣ್ಣೆ, ಆಸಿಡ್, ಫಿನಾಯಿಲ್ ಬಿಡಿಯಾಗಿ ತಂದು ಕೂಲ್‌ಡ್ರಿಂಕ್ಸ್ ಬಾಟ್ಲಿಯಲ್ಲಿ ಇಡ್ತೀವಿ. ಮೇಲೆ ಬರೆದಿರ್ತೀವಿ.

ಬರೆದದ್ದನ್ನು ಮೂರು ವರ್ಷದ ಮಗು ಓದುವುದಿಲ್ಲ. ಬಿಸಿಲಲ್ಲಿ ಗೇಯ್ದು ಬಂದವರೂ ಓದುವುದಿಲ್ಲ, ಬಾಟ್ಲಿ ಕಂಡರೆ ಎತ್ತಿ ಗಟಗಟ ಕುಡಿಯುತ್ತಾರೆ. ಕುಡಿಯುವ ಬಾಟ್ಲಿಯಲ್ಲಿ ಕುಡಿಯಬಾರದ್ದು ಇರಕೂಡದು. ಇದಕ್ಕೆ ವಿನಾಯಿತಿ ಇಲ್ಲ. ಫಿನಾಯಿಲ್ ಫಿನಾಯಿಲ್ ಡಬ್ಬಕ್ಕೇ, ಆಸಿಡ್ ಬಂದ ಬಾಟ್ಲಿಯಲ್ಲೇ, ಎರಡೂ ಬೀಗ ಹಾಕುವ ಕಡೆ.

ಹಾಗೂ ಯಾರಾದರೂ ಕುಡಿದುಬಿಟ್ಟರೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಉಪ್ಪು ನೀರು ಕುಡಿಸಬೇಡಿ. ಸೀಮೆಎಣ್ಣೆ ವಾಂತಿಯಾಗುವಾಗ ಶ್ವಾಸಕೋಶಕ್ಕೆ ಹೋಗುತ್ತದೆ, ಆಸಿಡ್ ಇಳಿಯುವಾಗ ಸುಟ್ಟದ್ದಲ್ಲದೆ ಏರುವಾಗಲೂ ಸುಡುತ್ತದೆ. 108ಕ್ಕೆ ಫೋನ್ ಮಾಡಿ, ಬಾಟ್ಲಿಯನ್ನೂ ಜೊತೆಗೆ ತೆಗೆದುಕೊಂಡು ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಹೊರಡಿ.

ಎಲೆ ಅಡಿಕೆ ಹಾಕುವವರ ಸುಣ್ಣದ ಡಬ್ಬಿಯೂ ಇದೇ ಸಾಲಿನದು. ಮೆತ್ತಗಿನ ಪ್ಲಾಸ್ಟಿಕ್ ಡಬ್ಬಿಯನ್ನು ಮಕ್ಕಳು ಒತ್ತಿದರೆ ಸುಣ್ಣ ನೇರ ಕಣ್ಣಿಗೆ ಚಿಮ್ಮುತ್ತದೆ. ಕಣ್ಣಿಗೆ ಬಿದ್ದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇರಬೇಕು, ಆಸ್ಪತ್ರೆ ಆಮೇಲೆ. ಪೆಟ್ರೋಲಂತೂ ಬಾಟ್ಲಿಯಲ್ಲಿ ಬೇಡವೇ ಬೇಡ.

ಬಾಟ್ಲಿಯಿಂದ ಹನಿ ನೀರಾವರಿ ನಿಜವಾಗಿ ಕೆಲಸ ಮಾಡುತ್ತಾ?

ಜಾಗ ನೋಡಿ. ನಾಲೆ ಬಯಲಿನ ಪಾಂಡವಪುರ, ಶ್ರೀರಂಗಪಟ್ಟಣದವರಿಗೆ ಇದರಿಂದ ದೊಡ್ಡ ಲಾಭವಿಲ್ಲ. ನಾಗಮಂಗಲದ ಕಡೆ ಮಳೆ ನಂಬಿ ಮಾವು, ನುಗ್ಗೆ, ಕರಿಬೇವು ಇಟ್ಟವರಿಗೆ ಮಾರ್ಚಿಯಿಂದ ಮೇ ತನಕ ಸಸಿ ಉಳಿಸಿಕೊಳ್ಳಲು ಇದು ದಾರಿ. ಊರಿಗೆ ಹೋಗಿ ನಾಲ್ಕು ದಿನ ಇರಬೇಕಾದ ಮೈಸೂರಿನವರ ತಾರಸಿ ಕುಂಡಗಳಿಗೂ ಸರಿ.

ಎರಡು ಲೀಟರಿನ ಬಾಟ್ಲಿಯ ಮುಚ್ಚಳಕ್ಕೆ ಸೂಜಿಯಷ್ಟು ಒಂದು ತೂತು. ತಳವನ್ನು ಮುಕ್ಕಾಲು ಸುತ್ತು ಮಾತ್ರ ಕೊಯ್ದು ಬಾಗಿಲಿನ ಹಾಗೆ ಬಿಡಿ, ಪೂರ್ತಿ ಕತ್ತರಿಸಬೇಡಿ. ನೀರು ಹಾಕಿದ ಮೇಲೆ ಅದನ್ನೇ ಮುಚ್ಚಿದರೆ ನೀರು ಆರುವುದಿಲ್ಲ, ಸೊಳ್ಳೆ ಇಳಿಯುವುದಿಲ್ಲ. ಮುಚ್ಚಳದ ಒಳಗೆ ಒಂದು ಚೂರು ಹಳೆಯ ಕಾಟನ್ ಬಟ್ಟೆ ತುರುಕಿ, ಮಣ್ಣು ಕಟ್ಟಿಕೊಳ್ಳುವುದು ತಪ್ಪುತ್ತದೆ. ಬುಡದಿಂದ ಒಂದು ಗೇಣು ದೂರದಲ್ಲಿ ತಲೆಕೆಳಗು ಹೂತು, ಮೇಲೆ ಒಣ ಸೋಗೆಯೋ ತರಗೋ ಮುಚ್ಚಿ. ತೆಂಗಿನ ಸಸಿಗೆ ಬಾಟ್ಲಿ ನೀರು ಸಾಲದು. ಅದಕ್ಕೆ 20 ಲೀಟರಿನ ಹಳೆಯ ಕ್ಯಾನು, ತಳದ ತೂತಿನಲ್ಲಿ ಹತ್ತಿ ಬತ್ತಿ.

ಹಾಲಿನ ಕವರಿನಲ್ಲಿ ಸಸಿ ಮಾಡಬಹುದಾ?

ಧಾರಾಳವಾಗಿ. ಅರ್ಧ ಲೀಟರಿನದು ಪರಂಗಿ, ನುಗ್ಗೆ, ಬದನೆಗೆ ಸರಿ, ಒಂದು ಲೀಟರಿನದು ನಿಂಬೆಗೆ. ತೊಳೆದು, ತಳಕ್ಕೆ ನಾಲ್ಕು ತೂತು. ನೆಡುವಾಗ ಕವರು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಬನ್ನಿ, ಗುಂಡಿಯಲ್ಲಿ ಬಿಡಬೇಡಿ. ಹಾಲು ಸುರಿಯುವಾಗಲೂ ಮೂಲೆಯ ಚೂರನ್ನು ಪೂರ್ತಿ ಕತ್ತರಿಸದೆ ಕವರಿಗೇ ಅಂಟಿಕೊಂಡಿರಲು ಬಿಡಿ. ಆ ಚೂರುಗಳನ್ನು ಯಾವ ಗುಜರಿಯವನೂ ಆರಿಸುವುದಿಲ್ಲ, ತಿಪ್ಪೆಯ ಮೂಲಕ ಗದ್ದೆಗೆ ಹೋಗಿ ಅಲ್ಲೇ ಉಳಿಯುತ್ತವೆ.

ಕೀಟ ಹಿಡಿಯುವ ಬಲೆ ಮಾಡುವುದು ಹೇಗೆ?

ಮೂರು ಬಗೆ ಹೇಳುತ್ತೇನೆ.

ಮಾವು, ಸೀಬೆಗೆ ಹಣ್ಣಿನ ನೊಣದ ಬಲೆ. ಬಾಟ್ಲಿಯ ಮೇಲ್ಭಾಗದಲ್ಲಿ ಕಡಲೆಕಾಯಿ ಬೀಜ ಹಿಡಿಸುವಷ್ಟು ನಾಲ್ಕು ತೂತು ಮಾಡಿ, ಒಳಗೆ ಮಿಥೈಲ್ ಯೂಜಿನಾಲ್ ಎಂಬ ಆಮಿಷ ಹೀರಿಸಿದ ಮರದ ತುಂಡು ನೇತುಹಾಕಿ. ಗಂಡು ನೊಣಗಳು ಬಂದು ಬೀಳುತ್ತವೆ. ಹೀರೆ, ಹಾಗಲ, ಸೌತೆಗೆ ಇದೇ ಬಲೆಗೆ ಕ್ಯೂಲೂರ್ ಎಂಬ ಬೇರೆ ಆಮಿಷ ಬೇಕು. ಒಂದರ ಆಮಿಷ ಇನ್ನೊಂದಕ್ಕೆ ನಡೆಯುವುದಿಲ್ಲ, ಹಾಗಾಗಿ ‘ಬಲೆ ಕಟ್ಟಿದೆ, ಒಂದೂ ಬೀಳಲಿಲ್ಲ’ ಅನ್ನುವವರು ಮೊದಲು ಯಾವ ಆಮಿಷ ಎಂದು ನೋಡಿಕೊಳ್ಳಿ. ಮಂಡ್ಯದ ವಿ.ಸಿ. ಫಾರಂ, ನಂಜನಗೂಡು ತಾಲ್ಲೂಕಿನ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಬಹುದು.

ತೆಂಗಿನ ಕುರುವಾಯಿ ದುಂಬಿಗೆ ಮಡಕೆಯ ಬದಲು ಮೇಲ್ಭಾಗ ಕತ್ತರಿಸಿದ ಐದು ಲೀಟರಿನ ಎಣ್ಣೆ ಕ್ಯಾನು. 1 ಕೆಜಿ ಹರಳು ಹಿಂಡಿಗೆ 5 ಲೀಟರ್ ನೀರಿನ ಲೆಕ್ಕದಲ್ಲಿ ಕಲಸಿ, ಹಂಚಿ, ತೋಟದಲ್ಲಿ ಅಲ್ಲಲ್ಲಿ ಇಡಿ. ಹುಳಿತ ವಾಸನೆಗೆ ದುಂಬಿ ಬಂದು ಬೀಳುತ್ತದೆ. ದನ ಬಾಯಿ ಹಾಕದ ಕಡೆ ಇಡಿ, ಹರಳು ಹಿಂಡಿ ದನಕ್ಕೆ ವಿಷ.

ಮೂರನೆಯದು ಹಳದಿ ಡಬ್ಬ. ಹಳದಿ ಬಣ್ಣದ ಎಣ್ಣೆ ಕ್ಯಾನಿಗೆ ಹರಳೆಣ್ಣೆಯೋ ಗ್ರೀಸೋ ಸವರಿ ಕೋಲಿಗೆ ಸಿಕ್ಕಿಸಿದರೆ ಬಿಳಿನೊಣ, ಗಿಡದ ಹೇನು ಅಂಟಿಕೊಳ್ಳುತ್ತವೆ. ತೆಂಗಿನ ಗರಿಯ ಕೆಳಗೆ ಸುರುಳಿ ಸುರುಳಿಯಾಗಿ ಬಿಳುಪು ಬಿಡುವ ನೊಣ 2016ರಲ್ಲಿ ನಮ್ಮ ದೇಶದಲ್ಲಿ ಕಂಡ ಮೇಲೆ ಈ ಹಳದಿ ಬಲೆಗಳಿಗೆ ಬೇಡಿಕೆ ಬಂತು. ಧೂಳು ಕೂತರೆ ಒರೆಸಿ ಮತ್ತೆ ಸವರಬೇಕು, ಕಟ್ಟಿ ಮರೆತರೆ ಅದು ಬರೀ ಅಲಂಕಾರ.

ಕೊಟ್ಟಿಗೆ, ಕೋಳಿ ಗೂಡು, ರೇಷ್ಮೆ ಹುಳು ಮನೆಗೆ?

ಹಿಡಿಕೆ ಇರುವ ಎಣ್ಣೆ ಕ್ಯಾನನ್ನು ಓರೆಯಾಗಿ ಕತ್ತರಿಸಿದರೆ ಬೂಸಾ, ಹಿಂಡಿ ತೋಡುವ ಮೊರ ಸಿದ್ಧ. ಅಂಚನ್ನು ಸ್ವಲ್ಪ ಬಿಸಿ ಮಾಡಿ ಮಡಿಸಿ, ಇಲ್ಲವಾದರೆ ಕೈ ಕೊಯ್ಯುತ್ತದೆ. ನಾಟಿ ಕೋಳಿ ಮರಿಗೆ ಬಾಟ್ಲಿಯ ಕತ್ತಿನ ಬಳಿ ತೂತು ಮಾಡಿ, ನೀರು ತುಂಬಿ, ಅಗಲ ತಟ್ಟೆಯಲ್ಲಿ ತಲೆಕೆಳಗೆ ಕಟ್ಟಿದರೆ ಕುಡಿದಷ್ಟು ನೀರು ತಾನೇ ಇಳಿಯುತ್ತದೆ. ತೂತು ತಟ್ಟೆಯ ಅಂಚಿಗಿಂತ ಕೆಳಗೇ ಇರಬೇಕು, ಮೇಲಾದರೆ ನೀರೆಲ್ಲ ಹರಿದುಹೋಗುತ್ತದೆ.

ಹುಳು ಮನೆಗೆ ಮಾತ್ರ ಬಹಳ ಜೋಪಾನ. ರೇಷ್ಮೆ ಹುಳು ಕೂಡ ಹುಳುವೇ, ಕೀಟನಾಶಕದ ಸೋಂಕು ಸಾಕು ಸಾಯಲು. ಸುಣ್ಣ, ಬ್ಲೀಚಿಂಗ್ ಪುಡಿ ಉದುರಿಸಲು ತಿನ್ನುವ ಪದಾರ್ಥ ಇದ್ದ ಡಬ್ಬವನ್ನೇ ಬಳಸಿ, ಅದನ್ನು ಆ ಮನೆಯಿಂದ ಹೊರಗೆ ತರಬೇಡಿ. ಸೋಂಕು ನಿವಾರಕ ಫಾರ್ಮಲಿನ್ ಬಂದ ಕ್ಯಾನು ಮೇಲೆ ಹೇಳಿದ ಮೂರನೆಯ ಗುಂಪಿಗೆ ಸೇರಿದ್ದು.

ತಾರಸಿ ಮೇಲೆ, ಹಿತ್ತಲಲ್ಲಿ ಡಬ್ಬ ಇಟ್ಟಿದ್ದಕ್ಕೆ ಆಶಾ ಕಾರ್ಯಕರ್ತೆ ಬೈದು ಹೋದ್ರು. ನೀರು ಶುದ್ಧವಾಗೇ ಇತ್ತಲ್ಲ?

ಶುದ್ಧವಾಗಿದ್ದದ್ದೇ ಕಾರಣ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಗಿಂತ ತಿಳಿ ನೀರನ್ನು ಹುಡುಕುತ್ತದೆ, ಒಂದು ಮುಚ್ಚಳದಷ್ಟು ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ. ಅದಕ್ಕೇ ವಾರಕ್ಕೊಮ್ಮೆ ಚೆಲ್ಲಿ ಒಣಗಿಸಿ ಅನ್ನುವುದು. ಬರೀ ಚೆಲ್ಲಿದರೆ ಸಾಲದು, ನೀರಿನ ಗೆರೆಯ ಮೇಲೆ ಅಂಟಿಸಿದ ಮೊಟ್ಟೆ ಒಣಗಿದ್ದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಉಜ್ಜಬೇಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿದ ಮೇಲೆ ಮನೆ ಸುತ್ತ ಸೊಳ್ಳೆ ಬೆಳೆಸಿದರೆ ದಂಡವೂ ಇದೆ. ಖಾಲಿ ಡಬ್ಬ ಇಡುವುದಾದರೆ ಬೋರಲು ಹಾಕಿ, ಇಲ್ಲವೇ ಸೂರಿನ ಕೆಳಗಿಡಿ.

ಬಿಸಿಲಲ್ಲಿಟ್ಟ ಡಬ್ಬ ಎಷ್ಟು ಕಾಲ ಬರುತ್ತೆ?

ಎಚ್‌ಡಿಪಿಇ ಡ್ರಮ್ಮು ವರ್ಷಗಟ್ಟಲೆ. ತೆಳು ಪೆಟ್ ಬಾಟ್ಲಿ, ಪೇಂಟ್ ಬಕೆಟ್ಟು ಅಷ್ಟಿಲ್ಲ. ಹೊರಗೆ ಸುಣ್ಣ ಬಳಿದರೆ, ನೆರಳಲ್ಲಿಟ್ಟರೆ ಸ್ವಲ್ಪ ಹೆಚ್ಚು ಬಾಳುತ್ತದೆ. ಮುಖ್ಯ ಮಾತು ಏನೆಂದರೆ, ಉಗುರಿನಿಂದ ಕೆರೆದಾಗ ಪುಡಿ ಬಂದರೆ, ಅಂಚು ಒತ್ತಿದರೆ ಚಟಕ್ಕನೆ ಒಡೆದರೆ ಆ ದಿನವೇ ಎತ್ತಿಬಿಡಿ. ಇಡಿಯಾಗಿ ಇರುವಾಗ ಗುಜರಿಗೆ ಹೋಗುವ ವಸ್ತು ಪುಡಿಯಾದ ಮೇಲೆ ಮಣ್ಣಿನಿಂದ ಆರಿಸಲು ಬರುವುದಿಲ್ಲ.

ಹಂಡೆ ಒಲೆ ಹೊತ್ತಿಸಲು ಒಂದು ಕವರು, ಒಂದು ಬಾಟ್ಲಿ ಹಾಕಿದರೆ ಏನು ಮಹಾ?

ಬೇಗ ಹೊತ್ತಿಕೊಳ್ಳುತ್ತದೆ, ನಿಜ. ಆದರೆ ಬಚ್ಚಲೊಲೆಯ ಮಂದ ಉರಿಯಲ್ಲಿ ಅದು ಪೂರ್ತಿ ಸುಡುವುದಿಲ್ಲ. ಪಿವಿಸಿ ಚೂರೇನಾದರೂ ಸೇರಿದ್ದರೆ ಡಯಾಕ್ಸಿನ್ ಎಂಬ ಘೋರ ವಿಷ ಬರುತ್ತದೆ. ಆ ಹೊಗೆ ಕುಡಿಯುವವರು ಒಲೆ ಮುಂದೆ ಕೂತ ಅಜ್ಜಿ, ಸ್ನಾನಕ್ಕೆ ಕಾಯುವ ಮಕ್ಕಳು. ಆ ಬೂದಿಯನ್ನು ಪಾತ್ರೆ ಉಜ್ಜಲು, ಬೀಜಕ್ಕೆ ಬೆರೆಸಲು ಬಳಸಲೂ ಆಗುವುದಿಲ್ಲ. ತೆಂಗಿನ ಸೋಗೆ, ಒಣ ಗರಟ ಬೇಕಾದಷ್ಟು ಸಿಗುವ ಸೀಮೆಯಲ್ಲಿ ಪ್ಲಾಸ್ಟಿಕ್ ಹೊತ್ತಿಸುವುದು ಸೋಮಾರಿತನ, ಬೇರೇನಲ್ಲ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.

2022ರಲ್ಲಿ ಪ್ಲಾಸ್ಟಿಕ್ ನಿಷೇಧ ಆಯ್ತಲ್ಲ, ಈ ಡಬ್ಬ ಇಟ್ಟುಕೊಳ್ಳೋದು ತಪ್ಪಾಗಲ್ವಾ?

ಇಲ್ಲ. 2022ರ ಜುಲೈ 1ರಿಂದ ನಿಷೇಧವಾದದ್ದು ಒಮ್ಮೆ ಬಳಸಿ ಎಸೆಯುವ ತಟ್ಟೆ, ಲೋಟ, ಚಮಚ, ಸ್ಟ್ರಾ, ಅಲಂಕಾರದ ಥರ್ಮಕೋಲ್ ಮುಂತಾದವು. ಬಾಟ್ಲಿ, ಬಕೆಟ್ಟು, ಡ್ರಮ್ಮು ಆ ಪಟ್ಟಿಯಲ್ಲಿಲ್ಲ.

ಗೇಟಿಗೆ ಕೆಂಪು ನೀರಿನ ಬಾಟ್ಲಿ ಕಟ್ಟಿದರೆ ನಾಯಿ ಬರಲ್ವಂತೆ?

ಬಾಟ್ಲಿಯ ಪಕ್ಕದಲ್ಲೇ ಮಲಗಿರುವ ನಾಯಿಗಳನ್ನು ಮೈಸೂರಿನ ಯಾವ ಬಡಾವಣೆಯಲ್ಲಾದರೂ ನೋಡಬಹುದು. ನಾಯಿಗೆ ಕೆಂಪು ನಮಗೆ ಕಂಡ ಹಾಗೆ ಕಾಣುವುದೂ ಇಲ್ಲ. ಮುಂದಿನ ಮಹಡಿಗೆಂದು ತಾರಸಿ ಮೇಲೆ ಬಿಟ್ಟ ಪಿಲ್ಲರ್ ಕಂಬಿಗಳಿಗೆ ಖಾಲಿ ಬಾಟ್ಲಿಯನ್ನು ಬೋರಲು ಸಿಕ್ಕಿಸಿ, ಅದು ಉಪಯೋಗ. ತುದಿಗೆ ಮಳೆ ನೀರು ನೇರ ಬೀಳುವುದಿಲ್ಲ, ಬಟ್ಟೆ ಒಣಹಾಕಲು ಹೋದವರ ಕಣ್ಣಿಗೆ ಕಂಬಿ ಚುಚ್ಚುವುದಿಲ್ಲ.

ಎಷ್ಟು ಇಟ್ಟುಕೊಳ್ಳಬೇಕು? ಉಳಿದದ್ದನ್ನು ಯಾರಿಗೆ ಕೊಡಬೇಕು?

ಕೆಲಸ ಗೊತ್ತಿರುವ ಡಬ್ಬ ಮಾತ್ರ ಇಟ್ಟುಕೊಳ್ಳಿ. ‘ಯಾವತ್ತಾದರೂ ಬೇಕಾಗುತ್ತೆ’ ಎಂದು ಅಟ್ಟ ಸೇರಿದ್ದು ಯುಗಾದಿಗೆ ಧೂಳು ಹೊಡೆಯುವಾಗ ಮತ್ತೆ ಕೈಗೆ ಬಂದರೆ, ವರ್ಷವಿಡೀ ಬೇಕಾಗಲಿಲ್ಲ ಎಂದಾಯಿತು. ಆಗ ಕೊಟ್ಟುಬಿಡಿ. ಮುಚ್ಚಳ ಕಳೆದ ಡಬ್ಬವನ್ನು ಇಟ್ಟುಕೊಂಡು ಕಾಯುವುದರಲ್ಲಿ ಅರ್ಥವಿಲ್ಲ, ಮುಚ್ಚಳ ವಾಪಸ್ ಬರುವುದಿಲ್ಲ.

ಗಟ್ಟಿ ಪ್ಲಾಸ್ಟಿಕ್ಕಿಗೆ ಗುಜರಿಯವರು ತೂಕಕ್ಕೆ ದುಡ್ಡು ಕೊಡುತ್ತಾರೆ. ಬಾಟ್ಲಿ, ಕ್ಯಾನು, ಹಾಲಿನ ಕವರು ಬೇರೆ ಬೇರೆ ಮಾಡಿ, ತೊಳೆದು ಒಣಗಿಸಿ ಕೊಟ್ಟರೆ ಚೌಕಾಸಿಗೆ ಬಾಯಿರುತ್ತದೆ. ಹಳ್ಳಿಗಳಲ್ಲಿ ಪಂಚಾಯಿತಿಯ ಕಸದ ಗಾಡಿ ಒಣ ಕಸವನ್ನು ಸ್ವಚ್ಛ ಸಂಕೀರ್ಣ ಎಂಬ ಕಸ ವಿಂಗಡಿಸುವ ಜಾಗಕ್ಕೆ ಒಯ್ಯುತ್ತದೆ, ಎಷ್ಟೋ ಕಡೆ ಅಲ್ಲಿ ವಿಂಗಡಿಸುವವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ. ಮೈಸೂರಿನಲ್ಲಿ ಮನೆ ಬಾಗಿಲಿಗೆ ಬರುವ ಪೌರಕಾರ್ಮಿಕರಿಗೆ ಒಣ ಕಸ ಬೇರೆಯಾಗಿ ಕೊಡಿ. ಕುಂಬಾರಕೊಪ್ಪಲಿನಂಥ ಕಡೆ ಇರುವ ಕಸ ವಿಂಗಡಣೆ ಘಟಕಗಳಲ್ಲಿ ಕೈಯಲ್ಲೇ ಆರಿಸುತ್ತಾರೆ, ಅನ್ನ ಸಾರು ಮೆತ್ತಿದ ಡಬ್ಬಿ ಆ ಕೈಗೆ ಹೋಗಬಾರದು. ಕೊಡುವ ಮೊದಲು ಬಾಟ್ಲಿಯ ಗಾಳಿ ತೆಗೆದು ಅಪ್ಪಚ್ಚಿ ಮಾಡಿ, ಮುಚ್ಚಳವನ್ನು ಮತ್ತೆ ತಿರುಗಿಸಿ ಹಾಕಿ. ಬಿಡಿ ಮುಚ್ಚಳ ದಾರಿಯಲ್ಲೇ ಉದುರುತ್ತದೆ.